ಬೆನ್ನು ಮಾಡಿ ಕುಳಿತ ಕೂಸು

ಇದನ್ನು ಬರೆಯುತ್ತಿರುವುದು ನನ್ನ ಮರ್ಯಾದೆ ಹೆಚ್ಚಿಸಿಕೊಳ್ಳಲು ಅಲ್ಲ... ಅದು ಹೋದದ್ದು ಹೇಗೆ ಅಂತ ಹೇಳಲು. ಮನೆಯಲ್ಲಿ ಚಿಕ್ಕ ಮಗು, ಹೊರಗೆ ಕಾರು ಇರುವವರು ಓದಲೇಬೇಕು.

ನನ್ನ ಮಗಳಿಗೆ ಆಗ ಐದು ತಿಂಗಳು. ಬಾಣಂತನ ಮುಗಿದಿತ್ತು. ಹೆಂಡತಿ ಶ್ರೀದೇವಿಯನ್ನೂ ಕೂಸನ್ನೂ ಗಜೇಂದ್ರಗಡದ ಅತ್ತೆಯ ಮನೆಯಿಂದ ಧಾರವಾಡಕ್ಕೆ ಕರೆತರಲು ಹೋಗಿದ್ದೆ.

ಕಾರಿನ ಹಿಂದಿನ ಸೀಟಿನಲ್ಲಿ ಹೊಸ ಬೇಬಿ ಸೀಟ್ ಕಟ್ಟಿದ್ದೆ. ಮಗು ಚಿಕ್ಕದಿರುವಾಗ ಹಿಂದಕ್ಕೆ ಮುಖ ಮಾಡಿ, ದೊಡ್ಡದಾದ ಮೇಲೆ ಮುಂದಕ್ಕೆ ಮುಖ ಮಾಡಿ ಕೂರಿಸುವಂಥದ್ದು.

ಅದಕ್ಕಾಗಿ ಹದಿನಾಲ್ಕು ವಿಡಿಯೋ ನೋಡಿದ್ದೆ ಸ್ವಾಮಿ! ಬೆಲ್ಟ್ ಪೋಣಿಸಿ, ಮೈಭಾರ ಹಾಕಿ ಒತ್ತಿ, ಎಳೆದು ಬಿಗಿದಿದ್ದೆ. ಬೆಲ್ಟ್ ಹಾದುಹೋಗುವ ಕಡೆ ಹಿಡಿದು ಅಲುಗಾಡಿಸಿದರೆ ಒಂದು ಬೆರಳಗಲವೂ ಸರಿಯುತ್ತಿರಲಿಲ್ಲ.

ಇನ್ನು ನನಗೆ ಯಾರು ಏನು ಹೇಳಬೇಕು... ಎಂಬ ಧಿಮಾಕು ಬೇರೆ.

ಕೂಸನ್ನು ಕೂರಿಸಿ ಭುಜದ ಪಟ್ಟಿ ಹಾಕುತ್ತಿದ್ದಂತೆ ಅತ್ತೆ ನೀಲವ್ವ ಕಾರಿನ ಬಾಗಿಲಿಗೇ ಅಡ್ಡ ನಿಂತರು. ಮಗಳನ್ನೂ ಮೊಮ್ಮಗಳನ್ನೂ ಮನೆ ಮುಟ್ಟಿಸಿ ಬರಲು ಅವರೂ ನಮ್ಮ ಜೊತೆ ಹೊರಟಿದ್ದರು.

“ಅಳಿಯಾರ, ಮೊದಲ ಸಲ ತಂದಿ ಮನಿಗೆ ಹೊಂಟ ಕೂಸು... ಬೆನ್ನು ಮಾಡಿಕೊಂಡು ಹೋಗತೈತೇನ್ರಿ? ಆ ಮನಿ ಕಡೆ ಮಾರಿ ಇರಬೇಕು. ಸೀಟು ತಿರುಗಸ್ರಿ. ಇಲ್ಲಂದ್ರ ನನ್ನ ತೊಡಿ ಮ್ಯಾಲ ಕೊಡ್ರಿ.”

ನಾನು ಮೊಬೈಲ್ ತೆಗೆದು ವಿಡಿಯೋ ಹಾಕಿದೆ. ಅದೂ ಇಂಗ್ಲಿಷ್ ವಿಡಿಯೋ! ಅವರು ಕಣ್ಣೆತ್ತಿಯೂ ನೋಡಲಿಲ್ಲ.

“ಅತ್ತೀ, ನಿಮಗ ಇದು ಗೊತ್ತಾಗೂದಿಲ್ಲ ಬಿಡ್ರಿ,” ಅಂದುಬಿಟ್ಟೆ.

ಶ್ರೀದೇವಿ ತಲೆ ತಗ್ಗಿಸಿದಳು. ಹೆತ್ತ ತಾಯಿ ಒಂದು ಕಡೆ, ಕಟ್ಟಿಕೊಂಡ ಗಂಡ ಒಂದು ಕಡೆ... ಪಾಪ, ಅವಳು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಗಿದ್ದಳು.

ನಾನೂ ಜಗ್ಗಲಿಲ್ಲ. ನೂರಿಪ್ಪತ್ತು ಕಿಲೋಮೀಟರ್ ದಾರಿ. ಗಕ್ಕನೆ ಬ್ರೇಕ್ ಹಾಕಬೇಕಾಗಿ ಬಂದರೆ ತೊಡೆಯ ಮೇಲಿನ ಕೂಸನ್ನು ಯಾವ ಕೈಯೂ ಹಿಡಿಯಲಾರದು. ಮಗಳ ಜೀವದ ಪ್ರಶ್ನೆ.

ಮಾತಿಗೆ ಮಾತು ಬೆಳೆಯಿತು. ಈ ಗಲಾಟೆಯಲ್ಲಿ ಕೂಸು ಸೀಟಿನಲ್ಲೇ ನಿದ್ದೆ ಹೋಯಿತು.

ಅತ್ತೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ಬಗ್ಗಿ, ಕೂಸಿನ ಗದ್ದದ ಕೆಳಗೆ ಎರಡು ಬೆರಳಿಟ್ಟು ತಲೆಯನ್ನು ಮೆಲ್ಲಗೆ ಎತ್ತಿದರು.

“ಉಸಿರು ಕೇಳ್ರಿ... ಗೊರ್ ಅನ್ನಾಕತ್ತಿತ್ತು. ಗದ್ದ ಎದಿಗೆ ಹತ್ತಿತ್ತು. ಧಾರವಾಡ ಮುಟ್ಟೂತನಕ ಹಿಂಗ ಬಿಟ್ರ ಕೂಸಿಗೆ ಉಸಿರು ಕಟ್ಟತೈತಿ!”

ನಾನೂ ಬಗ್ಗಿದೆ.

ನೋಡಿದರೆ, ಸೀಟನ್ನು ಹಿಂದಕ್ಕೆ ಒರಗಿಸುವ ಹಿಡಿ ದೊಡ್ಡ ಮಕ್ಕಳ ಜಾಗದಲ್ಲೇ ಇತ್ತು. ಸೀಟು ನೆಟ್ಟಗೆ ನಿಂತಿತ್ತು. ಬೆಲ್ಟ್ ಬಿಗಿಯುವ ಭರದಲ್ಲಿ ಅದನ್ನು ಮರೆತೇಬಿಟ್ಟಿದ್ದೆ.

ಅತ್ತೆ ಯಾರು ಗೊತ್ತೇ? ಮೂವತ್ತು ವರ್ಷಗಳಿಂದ ಆ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರೆರೆಯಲು ಕರೆ ಬರುತ್ತಿದ್ದದ್ದು ಇವರಿಗೇ. ಕಾಲು ಚಾಚಿ ಕುಳಿತು, ಕಾಲ ಮೇಲೆ ಮಲಗಿಸಿಕೊಂಡು ನೂರಾರು ಕೂಸುಗಳಿಗೆ ಎರೆದವರು.

ಅಂಥವರಿಗೆ ‘ಗೊತ್ತಾಗೂದಿಲ್ಲ’ ಅಂದಿದ್ದೆ ನಾನು!

ಮೊಬೈಲ್ ಜೇಬಿಗಿಟ್ಟೆ. ಈ ಸಲ ಹೇಳಲಿಲ್ಲ... ಕೇಳಿದೆ.

“ಅತ್ತೀ, ಎರಿಯುವಾಗ ಕೂಸನ್ನ ಹೆಂಗ ಹಿಡೀತೀರಿ?”

“ತಲಿ, ಕುತ್ತಿಗಿ, ಬೆನ್ನು... ಮೂರೂ ಒಂದ ಸಾಲಿನ್ಯಾಗ ಇರಬೇಕ್ರಿ. ಕೂಸಿನ ತಲಿ ಭಾಳ ಭಾರ, ಕುತ್ತಿಗಿ ಎಳೇದು. ತಲಿ ಜೋಲಿ ಹೊಡೀಬಾರ್ದು.”

ನಾನು ಸೀಟು ತೋರಿಸಿ ಅಂದೆ, “ಅದಕ್ಕ ಅತ್ತೀ, ಮುಂದ ಮಾರಿ ಮಾಡಿ ಕುಂಡ್ರಿಸಿದ್ರ, ಬ್ರೇಕ್ ಹಾಕಿದಾಗ ತಲಿ ಮುಂದಕ್ಕ ಬೀಸಿ ಹೋಗತೈತ್ರಿ. ಎಲ್ಲಾ ಭಾರ ಆ ಎಳೀ ಕುತ್ತಿಗಿ ಮ್ಯಾಲ. ಹಿಂದ ಮಾರಿ ಇದ್ರ ಮೂರನ್ನೂ ಸೀಟು ಒಮ್ಮೆಲೆ ಹಿಡೀತೈತಿ.”

ಅತ್ತೆ ಸೀಟನ್ನು ಸವರಿ ನೋಡಿದರು.

“ಇಷ್ಟು ಮೊದಲ ಹೇಳಬಾರ್ದೇನ್ರಿ? ಆ ಇಂಗ್ಲಿಷ್ ಮಂದೀನ ಯಾಕ ಕರಕೊಂಡು ಬಂದ್ರಿ?”

ಶ್ರೀದೇವಿ ಅಳುಕುತ್ತ ಕೇಳಿದಳು, “ಮತ್ತ ಯವ್ವಾ... ಬೆನ್ನು ಮಾಡಿ ಹೋಗೂದು?”

“ಹೊಸ್ತಿಲದಾಗ ನಾನ ಎತ್ತಿಕೊಂಡು, ಮಾರಿ ಮುಂದ ಮಾಡಿ ಒಳಗ ಒಯ್ಯತೇನಿ. ಮೊದಲ ಕುತ್ತಿಗಿ ಉಳೀಲಿ.”

ಕೂಸನ್ನು ಶ್ರೀದೇವಿಯ ಕೈಗೆ ಕೊಟ್ಟು ಸೀಟನ್ನು ಒರಗಿಸಿ ಮತ್ತೆ ಕಟ್ಟಿದೆ. ಅತ್ತೆ ಬಿಡಬೇಕಲ್ಲ! ತಾವೇ ಜಗ್ಗಿ ನೋಡಿ, “ಇನ್ನೊಂದೀಟು ಬಿಗೀರಿ,” ಅಂದರು. ಬಿಗಿದೆ. “ಇನ್ನೊಂದೀಟು.” ನನಗೆ ಬೆವರಿಳಿಯಿತು.

ಕೂಸನ್ನು ಮತ್ತೆ ಸೀಟಿನಲ್ಲಿ ಮಲಗಿಸಿ ಪಟ್ಟಿ ಹಾಕಿ, ಅತ್ತೆಗೂ ಬೆಲ್ಟ್ ಹಾಕಿಸಿ ಕೂಸಿನ ಜೊತೆ ಹಿಂದೆ ಕೂರಿಸಿ ಹೊರಟೆ.

ನರೇಗಲ್ ದಾಟಿದ್ದೆವು. ಜಾಲಿ ಗಿಡಗಳ ಮರೆಯಿಂದ ಎಮ್ಮೆಯೊಂದು ರಸ್ತೆಗೆ ನುಗ್ಗಿತು... ಇದ್ದ ಬಲವನ್ನೆಲ್ಲ ಹಾಕಿ ಬ್ರೇಕ್ ತುಳಿದೆ.

ನಾವು ಮೂವರೂ ಮುಂದಕ್ಕೆ ಮುಗ್ಗರಿಸಿದೆವು. ಅತ್ತೆಯ ಕೈ ತಾನಾಗಿಯೇ ಕೂಸಿನ ಕುತ್ತಿಗೆಯತ್ತ ಹಾರಿತು...

ಆದರೆ ಆ ಕೈಗೆ ಕೆಲಸವೇ ಇರಲಿಲ್ಲ. ತಲೆ ಇದ್ದಲ್ಲೇ ಇತ್ತು. ಕೂಸು ನಿದ್ದೆಯಿಂದ ಏಳಲೂ ಇಲ್ಲ.

ಕಾರು ಪಕ್ಕಕ್ಕೆ ನಿಲ್ಲಿಸಿ ತಿರುಗಿ ನೋಡಿದೆ. ಅತ್ತೆ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು. ಕಣ್ಣು ತುಂಬಿತ್ತು.

“ನಾ ವಾಪಸ್ ಊರಿಗೆ ಹೋದಮ್ಯಾಲ ಈ ಕೂಸಿನ ಕುತ್ತಿಗಿ ಯಾರು ಹಿಡೀತಾರ ಅಂತ ಎಂಟು ದಿನದಿಂದ ನಿದ್ದಿ ಇಲ್ರಿ ಅಳಿಯಾರ... ಅದಕ್ಕ ಅಷ್ಟು ಜಗಳಾಡಿದೆ. ಬೆನ್ನು, ಮಾರಿ... ಅದೆಲ್ಲಾ ಬರೇ ನೆವ.”

ನಾನು ಅಂದೆ,

“ಅತ್ತೀ, ಇವತ್ತು ಹಿಡಿದದ್ದೂ ನಿಮ್ಮ ಕೈನ. ನೀವು ಗದ್ದ ಎತ್ತಿ ತೋರಿಸದಿದ್ರ ನನ್ನ ಹದಿನಾಲ್ಕು ವಿಡಿಯೋ ಏನೂ ಮಾಡ್ತಿರಲಿಲ್ಲ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಎಂದಿನ ದನಿಯಲ್ಲೇ ಗದರಿದರು... “ಎಮ್ಮಿ ಹೋತು. ಇನ್ನರ ಸಾವಕಾಶ ಹೊಡೀರಿ!”

*ಹಿರಿಯರ ಹಟದ ಒಳಗೆ ಯಾವ ಭಯ ಕುಳಿತಿದೆ ಎಂದು ಕೇಳಿದರೆ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.*

ನಿಮ್ಮ ಮನೆಯ ಹಿರಿಯರಿಗೆ “ನಿಮಗೆ ಗೊತ್ತಾಗಲ್ಲ ಬಿಡಿ” ಎಂದು ಎಷ್ಟು ಸಲ ಹೇಳಿದ್ದೀರಿ... “ನೀವು ಹೇಗೆ ಮಾಡುತ್ತಿದ್ದಿರಿ?” ಎಂದು ಒಮ್ಮೆಯಾದರೂ ಕೇಳಿದ್ದೀರಾ?