ಸೀಮೆಸುಣ್ಣದ ಗೆರೆ

"ಮತ್ತೆ ಕೆಳಗಿಳಿಸಿದ್ರಾ?" ಸ್ಪ್ಯಾನರ್ ಹಿಡಿದು ಬೈಕಿನ ಮೇಲೆ ಕೂತಿದ್ದ ಮಗಳಿಗೆ ರೇಗಿಹೋಯಿತು. ಬೆಳಕು ಬೀಳಬೇಕಾದ ಎತ್ತರಕ್ಕೆ ಕಾಂಪೌಂಡ್ ಗೋಡೆಯ ಮೇಲೆ ತಾನೇ ಎಳೆದಿದ್ದ ಸೀಮೆಸುಣ್ಣದ ಗೆರೆ ಅಲ್ಲಿ ಮೇಲೆ, ಬೈಕಿನ ಬೆಳಕು ಮೊಳದಷ್ಟು ಕೆಳಗೆ, ಗೋಡೆಯ ಬುಡದಲ್ಲಿ. ಕಣ್ಣು ಮಂಜಾಗಿ ಅಪ್ಪ ತಮ್ಮ ಹಳೇ ಬೈಕನ್ನು ಅವಳಿಗೆ ಬಿಟ್ಟುಕೊಟ್ಟ ಮೇಲೆ ಇದೇ ಗೋಳು. ಅವಳು ಹೆಡ್‌ಲೈಟನ್ನು ಮೇಲೆತ್ತುವುದು, ಅವಳು ಅತ್ತ ಹೋದ ಕೂಡಲೇ ಅಪ್ಪ ಇಳಿಸುವುದು.

"ನಾನೇ ಕೂರಿಸಿದ ಲೈಟು ಅದು. ನೆಟ್ಟಗಿರೋದನ್ನ ಯಾಕೆ ಕೆಡಿಸ್ತೀಯ? ಇದೇ ಲೈಟಲ್ಲಿ ದಿನಾ ನಿನ್ನ ಫ್ಯಾಕ್ಟರಿಯಿಂದ ಕರ್ಕೊಂಡು ಬರ್ತಿರಲಿಲ್ವಾ? ಒಂದು ದಿನ ಬೀಳಿಸಿದ್ನಾ?"

"ಗುಂಡಿ ಚಕ್ರದಡಿಗೆ ಬಂದ ಮೇಲೇ ಕಾಣುತ್ತೆ! ಹೇಳಿ ಹೇಳಿ ಬಾಯಿ ಒಣಗಿಹೋಯ್ತು. ಬನ್ನಿ, ಇಲ್ಲಿ ಕೂತು ನೀವೇ ನೋಡಿ."

ಅಪ್ಪ ಗೊಣಗುತ್ತಾ ಅವಳ ಹಿಂದೆ ಹತ್ತಿ ಕೂತರು. ಸ್ಪ್ರಿಂಗು ಕಿರ್ರೆಂದು ಬೈಕಿನ ಹಿಂಭಾಗ ಕುಸಿಯಿತು. ಬೆಳಕು ಗೋಡೆ ಹತ್ತಿ, ಸರಿಯಾಗಿ ಗೆರೆಯ ಮೇಲೆ ನಿಂತಿತು.

"ನೋಡಿದ್ಯಾ!" ಅಪ್ಪ ಗೆದ್ದವರಂತೆ ಅವಳ ಭುಜ ತಟ್ಟಿದರು. "ಸರಿಯಾಗೇ ಇದೆ!"

"ಇಬ್ಬರಿಗೆ ಸರಿಯಾಗಿದೆ, ಅಪ್ಪ."

ತಟ್ಟಿದ ಕೈ ಭುಜದ ಮೇಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಅಪ್ಪ ಇಳಿದರು. ಬೆಳಕೂ ಗೋಡೆಯಿಂದ ಜಾರಿತು. ಅವಳ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ಅವರು ಮುಂದೆ ಬಂದರು. ಬೋಲ್ಟು ಸಡಿಲಿಸಿ, ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು, ಗೋಡೆಗೆ ಬೆನ್ನು ಮಾಡಿ ನಿಂತು, ಹೆಡ್‌ಲೈಟನ್ನು ಎರಡೂ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತಿದರು.

"ನನ್ನ ಮುಖ ಏನು ನೋಡ್ತೀಯ?" ಎಂದು ಗದರಿದರು. "ಗೋಡೆ ನೋಡಿ ಹೇಳು. ಒಬ್ಬಳಿಗೆ ಇಷ್ಟು ಸಾಕಾ?"