ಸರ್ವಾನುಮತ

ಸೇತುರಾಮರು ಸಮಿತಿಯ ಹಾಲ್‌ನೊಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ಕಾರ್ಯದರ್ಶಿ ಬೋರಣ್ಣ ಮೊಬೈಲನ್ನು ಜೇಬಿಗೆ ಸೇರಿಸಿದರು. ಮೈತ್ರೇಯಿ ಕಿಟಕಿಯಾಚೆ ನೋಡತೊಡಗಿದರು. ಅಧ್ಯಕ್ಷ ಶಶಿಧರ್ ಮಾತ್ರ ತುಸು ಹೆಚ್ಚೇ ಗಟ್ಟಿಯಾಗಿ, "ಬಾರಯ್ಯ, ಕಾಫಿ ಕುಡೀತೀಯಾ?" ಎಂದರು.

ಒಂದೇ ವಾರದಲ್ಲಿ ಇದು ಮೂರನೇ ಸಲ.

ಬೇರೆಯವರಾಗಿದ್ದರೆ ಗಮನಿಸುತ್ತಿರಲಿಲ್ಲ. ಸೇತುರಾಮರು ಇಂಥದ್ದನ್ನು ಗಮನಿಸುವುದನ್ನೇ ಕಸುಬು ಮಾಡಿಕೊಂಡವರು. ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ, ಎರಡನೇ ಮಹಾಯುದ್ಧದ ನಂತರದ ಸೋವಿಯತ್ ಪಾಲಿಟ್‌ಬ್ಯೂರೊ ಮೇಲೆ ದಪ್ಪನೆಯ ಪುಸ್ತಕ ಬರೆದವರು. ಆಳುವ ಪಕ್ಷದ ತುತ್ತತುದಿಯಲ್ಲಿ ಕುಳಿತಿದ್ದ ಆ ಹತ್ತು ಹನ್ನೆರಡು ಜನರ ಬಗ್ಗೆ ಅವರಿಗೆ ಎಳ್ಳಷ್ಟೂ ಗೌರವವಿರಲಿಲ್ಲ. "ಯುದ್ಧ ಗೆದ್ದೋರು ಕಣ್ರೀ. ಆದ್ರೆ ಕೈ ಎತ್ತದೇ ಇರೋಕೆ ಒಬ್ಬನಿಗೂ ಧೈರ್ಯ ಇರ್ಲಿಲ್ಲ," ಎಂದು ತರಗತಿಯಲ್ಲಿ ಉಗಿಯುತ್ತಿದ್ದರು. ಪಾಲಿಟ್‌ಬ್ಯೂರೊದ ಪೂರ್ತಿ ಸಭೆ ಸೇರುವುದೇ ಅಪರೂಪ. ನಾಯಕನ ಊಟದ ಮೇಜಿನಲ್ಲಿ ನಾಲ್ಕೈದು ಜನ ತೀರ್ಮಾನಿಸುವುದು, ಉಳಿದವರಿಗೆ ಕಾಗದ ಕಳಿಸುವುದು, ಅವರು ತೆಪ್ಪಗೆ ಸಹಿ ಹಾಕುವುದು. ಊಟಕ್ಕೆ ಕರೆ ನಿಂತವನು ತನ್ನ ಕಥೆ ಮುಗಿಯಿತೆಂದು ತಿಳಿಯಬೇಕು.

ಹೋದ ಶನಿವಾರ ಶಶಿಧರ್ ಮನೆಯಲ್ಲಿ ಊಟವಿತ್ತು. ಸಮಿತಿಯವರೆಲ್ಲ ಹೋಗಿದ್ದರು. ಸೇತುರಾಮರಿಗೆ ಕರೆ ಇರಲಿಲ್ಲ.

ಸಮಿತಿ ಎಂದರೆ ಮಹಾ ದೊಡ್ಡದೇನಲ್ಲ. ಬನಶಂಕರಿಯಲ್ಲಿ ಕೆಂಪರಾಜು ಅವರ ಹಾರ್ಡ್‌ವೇರ್ ಅಂಗಡಿಯ ಮೇಲೊಂದು ಹಾಲ್, ನಲವತ್ತು ಪ್ಲಾಸ್ಟಿಕ್ ಕುರ್ಚಿ, 'ವಿಚಾರ ವೇದಿಕೆ' ಎಂಬ ಬೋರ್ಡು, ಅದನ್ನು ಆಳಲು ಏಳು ಜನ. ಆದರೆ ಸೇತುರಾಮರ ಮಾತನ್ನು ಯಾರಾದರೂ ಕೂತು ಕೇಳುವ ಜಾಗ ಈ ಊರಿನಲ್ಲಿ ಅದೊಂದೇ ಉಳಿದಿತ್ತು. ಅಲ್ಲಿನ ಭಾನುವಾರದ ತರಗತಿ ಕೈತಪ್ಪಿದರೆ ತಾವು ಬದುಕಿದ್ದೂ ಇಲ್ಲದಂತೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಳೆದ ತಿಂಗಳು ಅದೇ ಹಾಲನ್ನು ಸೀರೆ ಪ್ರದರ್ಶನಕ್ಕೆ ಕೊಟ್ಟಿದ್ದಕ್ಕೆ ಶಶಿಧರ್‌ರನ್ನು ಎಲ್ಲರೆದುರು ಝಾಡಿಸಿದ್ದರು. ಶಶಿಧರ್ ನಕ್ಕು ಸುಮ್ಮನಾಗಿದ್ದರು. ಆ ನಗುವಿನ ಅರ್ಥ ಈಗ ಹೊಳೆಯುತ್ತಿತ್ತು.

ಬುಧವಾರ ಜಯನಗರದ ಕಾಂಪ್ಲೆಕ್ಸ್ ಬಳಿ ಹಳೆಯ ವಿದ್ಯಾರ್ಥಿನಿ ಸಂಗೀತಾ ಸಿಕ್ಕಳು. ನೋಡಿದವಳೇ ತಡವರಿಸಿದಳು.

"ಸಾರ್, ತೊಂಬತ್ತೆರಡರಲ್ಲಿ ನಿಮ್ಮನ್ನ ಸಸ್ಪೆಂಡ್ ಮಾಡಿದ್ರಲ್ಲ, ಅದರ ಬಗ್ಗೆ ಶಶಿಧರ್ ಸಾರ್ ವಿಚಾರಿಸ್ತಿದ್ರು. ಬರವಣಿಗೇಲೇ ಬೇಕಂತೆ."

"ಕೊಟ್ಟೆಯಾ?"

"ನಡೆದಿದ್ದನ್ನ ನಡೆದ ಹಾಗೇ ಬರೆದುಕೊಟ್ಟೆ. ನಾನು ಹೇಳ್ದೆ ಅಂತ ಹೇಳ್ಬೇಡಿ ಸಾರ್."

ಮನೆಗೆ ಬಂದರೆ ಹೆಂಡತಿ ಸೀತಾಲಕ್ಷ್ಮಿ ಫೋನಿನಲ್ಲಿ, "ಇಲ್ಲ ಶಶಿಧರ್, ಇವರಿಗಿನ್ನೂ ವಾಸನೆ ಬಡಿದಿಲ್ಲ," ಎನ್ನುತ್ತಿದ್ದರು. ಗಂಡನನ್ನು ಕಂಡು ಫೋನ್ ಇಟ್ಟು, ಹಾಲಿನವನು ಎಂದರು. ಬೀರುವಿನಲ್ಲಿದ್ದ ಹಳೆಯ ಪತ್ರಗಳ ಫೈಲು ಕಾಣೆಯಾಗಿತ್ತು. ಸಂಜೆಗೆ ವೇದಿಕೆಯ ಬೋರ್ಡಿನ ಮೇಲೆ ನೋಟಿಸು ಬಿತ್ತು: ಈ ಭಾನುವಾರ ತರಗತಿ ಇಲ್ಲ, ವಿಶೇಷ ಸಭೆ. ಬೋರಣ್ಣನ ಮೊಬೈಲಿನಲ್ಲಿ ಅವರು ಕಣ್ಣಾರೆ ಕಂಡರು, 'ಭಾನುವಾರ' ಎಂಬ ವಾಟ್ಸಾಪ್ ಗ್ರೂಪು. ಸಮಿತಿಯ ಆರು ಜನ ಅದರಲ್ಲಿದ್ದರು. ಏಳನೆಯವರು ಇರಲಿಲ್ಲ.

ಆ ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ. ಭಯವಾಗಿತ್ತು, ಭಯವಾಯಿತಲ್ಲ ಎಂದು ನಾಚಿಕೆಯೂ ಆಗಿತ್ತು. ಮೊದಲು ಬೆರಳು ತೋರಿಸಿದವನು ಉಳಿಯುತ್ತಾನೆ, ವಿವರಣೆ ಕೇಳುತ್ತ ಕುಳಿತವನು ಹೋಗುತ್ತಾನೆ ಎಂದು ತಮ್ಮ ಪುಸ್ತಕದಲ್ಲಿ ತಾವೇ ಬರೆದಿದ್ದರು.

ಗುರುವಾರದ ಸಮಿತಿ ಸಭೆಯಲ್ಲಿ ಕಾಫಿ ಬರುವ ಮುನ್ನವೇ ಸೇತುರಾಮರು ಎದ್ದು ನಿಂತು ಎರಡು ಹಾಳೆ ಓದಿದರು. ಅಧ್ಯಕ್ಷರು ಗುಂಪುಗಾರಿಕೆ ನಡೆಸಿದ್ದಾರೆ. ಸದಸ್ಯರೊಬ್ಬರ ಮೇಲೆ ಬೇಹುಗಾರಿಕೆ ಮಾಡಿಸಿದ್ದಾರೆ. ಅವರ ಮನೆಯೊಳಗೂ ಕೈ ಹಾಕಿದ್ದಾರೆ. ಕೂಡಲೇ ವಜಾ ಮಾಡಬೇಕು.

"ಆ ಗ್ರೂಪಲ್ಲಿ ಇನ್ನೂ ಯಾರ್ಯಾರಿದ್ದೀರಿ, ಹೆಸರು ಓದ್ಲಾ?"

ಐದು ತಲೆಗಳು ತಗ್ಗಿದವು. ಕೆಂಪರಾಜು ತಮ್ಮ ಉಂಗುರ ತಿರುಗಿಸುತ್ತ ಕುಳಿತರು. ಮೈತ್ರೇಯಿ, "ಸಾರ್, ಅದು ಹಾಗಲ್ಲ..." ಎಂದು ಬಾಯಿ ತೆರೆದರು.

"ಬಿಡಿ ಮೇಡಂ," ಎಂದರು ಶಶಿಧರ್. ಮುಖ ಬಿಳಿಚಿಕೊಂಡಿತ್ತು. "ನಲವತ್ತು ವರ್ಷದಲ್ಲಿ ನನ್ನನ್ನ ಇಷ್ಟೇನಾ ಸೇತು, ತಿಳ್ಕೊಂಡಿದ್ದು?"

"ವಿವರಣೆ ಬೇಡ. ಮತಕ್ಕೆ ಹಾಕಿ."

ಬೋರಣ್ಣನ ಕೈ ಮೊದಲು ಮೇಲೆದ್ದಿತು. ಅದು ಎದ್ದದ್ದು ನೋಡಿ ಕೆಂಪರಾಜು ಕೈ, ಅದನ್ನು ನೋಡಿ ಇನ್ನಿಬ್ಬರ ಕೈ, ಕಟ್ಟಕಡೆಗೆ ಮೈತ್ರೇಯಿಯ ಕೈ. ಶಶಿಧರ್ ಕನ್ನಡಕ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದರು. ಕುರಿಗಳು ಎಂದುಕೊಂಡರು ಸೇತುರಾಮರು, ತಿರಸ್ಕಾರದಿಂದ, ತುಸು ಖುಷಿಯಿಂದಲೂ. ಮುಂದಿನ ಐದು ನಿಮಿಷದಲ್ಲಿ ಅವೇ ಕೈಗಳು ಅವರನ್ನು ಅಧ್ಯಕ್ಷರನ್ನಾಗಿ ಮಾಡಿದವು.

"ಭಾನುವಾರದ್ದನ್ನೂ ರದ್ದು ಮಾಡಿ," ಎಂದರು ಹೊಸ ಅಧ್ಯಕ್ಷರು.

ಬೋರಣ್ಣ ಬರೆಯುವುದನ್ನು ನಿಲ್ಲಿಸಿದರು. "ಪೂರ್ತಿನಾ ಸಾರ್?"

"ಪೂರ್ತಿ. ಆ ಸುದ್ದೀನೇ ಇನ್ಮೇಲೆ ಎತ್ತಬಾರ್ದು."

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಂತರ ಐದು ಕೈಗಳೂ ಮೇಲೆದ್ದವು.

"ಬರೆದಿದ್ದನ್ನ ಓದಿ," ಎಂದರು ಸೇತುರಾಮರು, ಶಶಿಧರ್ ಕುರ್ಚಿಗೆ ಒರಗಿ.

ಬೋರಣ್ಣ ನಡಾವಳಿ ಪುಸ್ತಕದಿಂದ ತಲೆಯೆತ್ತದೆ ಓದಿದರು: "ಮೂರನೇ ನಿರ್ಣಯ. ಪ್ರೊ. ಸೇತುರಾಮ ಅವರ ಎಪ್ಪತ್ತೈದನೇ ಹುಟ್ಟುಹಬ್ಬದ ಸನ್ಮಾನವನ್ನೂ, ಅವರಿಗೆ ತಿಳಿಯದಂತೆ ಶ್ರೀ ಶಶಿಧರ್ ಅವರು ಸಂಪಾದಿಸಿದ ಅಭಿನಂದನ ಗ್ರಂಥದ ಬಿಡುಗಡೆಯನ್ನೂ ರದ್ದುಪಡಿಸಬೇಕೆಂದು ಪ್ರೊ. ಸೇತುರಾಮ ಅವರೇ ಸೂಚಿಸಿದರು, ಸರ್ವಾನುಮತದಿಂದ ಅಂಗೀಕರಿಸಲಾಯಿತು."