ಪುಟ್ಟ ಸ್ಪೀಕರಿಗೆ ಇಪ್ಪತ್ತು ವಾಟ್

"ಇನ್ನೂ ಹಾಡು ಹಾಕಿಲ್ಲ. ಸುಮ್ನೆ ಕಿವಿ ಇಟ್ಟು ಕೇಳಪ್ಪ," ಎಂದಳು ಹೇಮಶ್ರೀ. ಹೊಸಕೆರೆಹಳ್ಳಿಯ ಮದುವೆಗಳಿಗೆ ಮೂವತ್ತು ವರ್ಷ ಮೈಕ್‌ಸೆಟ್ ಹಾಕಿದ್ದ ಕೆಂಪರಾಜು, ಮಗಳು ಆರು ತಿಂಗಳು ಕೂತು ಮಾಡಿದ ಜೋಡಿ ಪೆಟ್ಟಿಗೆಗಳಲ್ಲಿ ಒಂದರತ್ತ ಬಗ್ಗಿದ. ಪ್ರತಿ ಪೆಟ್ಟಿಗೆಯಲ್ಲೂ ಮೂರು ಸ್ಪೀಕರ್, ಒಂದೊಂದಕ್ಕೂ ಬೇರೆ ಆಂಪ್ಲಿಫೈಯರ್. ಮೂರಕ್ಕೂ ಮುನ್ನೂರು ವಾಟಿನದೇ ಆಗಬೇಕೆಂದು ಹಟ ಹಿಡಿದು ಜೋಡಿಸಿದ್ದವನು ಅವನೇ.

ಮೇಲಿನ ಪುಟ್ಟ ಸ್ಪೀಕರಿನಲ್ಲಿ, ದೂರದಲ್ಲೆಲ್ಲೋ ಕುಕ್ಕರ್ ಆವಿ ಬಿಡುತ್ತಿರುವಂತೆ ಸದ್ದು. "ಹಾಡೇ ಇಲ್ದೆ ಇದೇನೇ?"

"ಆಂಪ್ಲಿಫೈಯರ್‌ದೇ ಸದ್ದು ಅಪ್ಪ. ಕೆಳಗಿನ ದೊಡ್ಡ ಸ್ಪೀಕರಿಗೆ ಅಷ್ಟು ಪವರ್ ಬೇಕು, ಅದ್ರಲ್ಲಿ ಈ ಸದ್ದು ಕೇಳ್ಸೋದೂ ಇಲ್ಲ. ಪುಟ್ಟದಕ್ಕೆ ಇಪ್ಪತ್ತು ವಾಟ್ ಸಾಕು."

ಅವಳ ಕೈಯಲ್ಲಿದ್ದ, ಟಿಫನ್ ಡಬ್ಬಿಯಷ್ಟೇ ಇದ್ದ ಆಂಪ್ಲಿಫೈಯರನ್ನು ನೋಡಿ ಕೆಂಪರಾಜುವಿಗೆ ನಂಬಿಕೆ ಬರಲಿಲ್ಲ. ಆದರೂ ತಾನೇ ಸ್ವಿಚ್ ಆರಿಸಿ, ವೈರ್ ಬಿಚ್ಚಿ, ಅದಕ್ಕೆ ಸಿಕ್ಕಿಸಿ, ಮತ್ತೆ ಸ್ವಿಚ್ ಹಾಕಿ ಕಿವಿ ಇಟ್ಟ. ಏನೂ ಕೇಳಿಸಲಿಲ್ಲ. "ಆನ್ ಆಗಿದ್ಯಾ ಇದು?" ಹೇಮಶ್ರೀ ನಗುತ್ತಾ ಹಾಡು ಹಾಕಿದಳು. ಹಿಂದೊಮ್ಮೆ ಮದುವೆ ಚಪ್ಪರದಲ್ಲಿ ಅವನೇ ರೆಕಾರ್ಡ್ ಮಾಡಿಕೊಂಡಿದ್ದ, ಅವನ ತಾಯಿ ಬೈರಮ್ಮ ಹಾಡಿದ ಸೋಬಾನೆ ಪದ.

ಮೊದಲ ಸಾಲು ಮುಗಿಯಿತು. ಎರಡನೆಯದು ಶುರುವಾಗುವ ಮುನ್ನವೇ ಕೆಂಪರಾಜು ಮಗಳ ತೋಳು ಹಿಡಿದುಕೊಂಡ. "ಅವ್ವ ಉಸಿರು ತಗೊಂಡ್ಳು ಕಣೇ! ಕೇಳಿಸ್ತಾ? ಬಳೆ ಸದ್ದೂ ಬಂತು! ಇಷ್ಟ್ ವರ್ಷ ಇದೆಲ್ಲಾ ಈ ಟೇಪಲ್ಲೇ ಇತ್ತಾ?" ಉತ್ತರಕ್ಕೆ ಅವನು ಕಾಯಲಿಲ್ಲ. "ಅವ್ವಾ, ಬೇಗ ಬಾ ಇಲ್ಲಿ!" ಎಂದು ಅಡುಗೆಮನೆಯತ್ತ ಕೂಗುತ್ತಲೇ, ಎರಡನೇ ಪೆಟ್ಟಿಗೆಯ ಸ್ವಿಚ್ ಆರಿಸಿ ಅದರ ಪುಟ್ಟ ಸ್ಪೀಕರಿನ ಮುನ್ನೂರು ವಾಟಿನ ವೈರ್ ಬಿಚ್ಚತೊಡಗಿದ.